ಚೀಲದ ಮೇಲಿನ ಕಲ್ಲು

“ಅಜ್ಜಾರ, ಪೆಂಡಿಂಗ್ ಅಂದರ ಹೌದು ಅಂತಲೋ, ಇಲ್ಲ ಅಂತಲೋ?”

ನೀಲಾಂಬಿಕೆ ಹೀಗೆ ಕೇಳಿದ್ದು ಒಂದು ಸೋಮವಾರ, ಮಠದಲ್ಲಿ ಮಧ್ಯಾಹ್ನದ ದಾಸೋಹ ಮುಗಿದು, ಪಡಸಾಲೆಯ ಕಲ್ಲು ತೊಳೆದು ಒಣಗಿದ ಮೇಲೆ. ಅಜ್ಜನವರು ಕಂಬಕ್ಕೆ ಒರಗಿ ಕುಳಿತು ದೀಪದ ಬತ್ತಿ ಹೊಸೆಯುತ್ತಿದ್ದರು. ಆ ಮಠದ ಸ್ವಾಮಿಗಳನ್ನು ಊರವರೆಲ್ಲ ಕರೆಯುವುದು ಅಜ್ಜಾರು ಎಂದೇ. ಪಟ್ಟದ ಹೆಸರು ಬಾಗಿಲ ಕಮಾನಿನ ಮೇಲಿದೆ, ಯಾರ ಬಾಯಲ್ಲೂ ಇಲ್ಲ. ನೀಲಾಂಬಿಕೆ ಲಂಗ ಉಡುವ ವಯಸ್ಸಿನಿಂದ ಸೋಮವಾರ ತಪ್ಪಿಸದೆ ಬಂದವಳು. ಅವರ ಮುಂದೆ ಕುಳಿತೇ ವಚನ ಕಲಿತವಳು. ಕಾಲೇಜು ಮುಗಿಸಿ ಪದವಿ ಪಡೆದ ಮೇಲೂ ಅಲ್ಲಿಗೆ ಬಂದು ಹತ್ತಿ ಬಿಡಿಸಿಕೊಡುವುದನ್ನು ಬಿಟ್ಟಿರಲಿಲ್ಲ.

“ಯಾತರ ಪೆಂಡಿಂಗ್?” ಎಂದರು ಅಜ್ಜನವರು.

“ನೌಕರಿ ಅರ್ಜೀದ್ರಿ. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಕೆಲಸ, ಸರ್ಕಾರದ್ದು. ಪರೀಕ್ಷಾ ಪಾಸಾಗೀನ್ರಿ, ಮಾರ್ಕ್ಸೂ ಚಲೋ ಬಂದಾವು. ಅದಾದ ಮ್ಯಾಲ ನನ್ನ ಹೆಸರಿನ ಎದುರಿಗೆ ಪೆಂಡಿಂಗ್ ಅಂತ ಒಂದ ಮಾತು ಬಂದು ಕುಂತೈತಿ. ಏಳವೊಲ್ಲದು.”

“ಎಲ್ಲಿ, ತೋರಿಸು.”

ಅವಳು ಫೋನು ತೆರೆದು ಕೊಟ್ಟಳು. ಅಜ್ಜನವರು ಅದನ್ನು ಕೈಯುದ್ದ ದೂರ ಹಿಡಿದು ನೋಡಿದರು.

“ಇದನ್ನ ದಿನಕ್ಕ ಎಷ್ಟು ಸಲ ನೋಡತಿ?”

ಅಡುಗೆಮನೆಯ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ಚಂಬವ್ವ ಉತ್ತರ ಕೊಟ್ಟಳು. ದಾಸೋಹದ ಅಡುಗೆ ಅವಳದು; ಪಡಸಾಲೆಯ ಮಾತಿಗೆ ಹೊಸ್ತಿಲಿನಿಂದಲೇ ಒಗ್ಗರಣೆ ಹಾಕುವ ಅಧಿಕಾರವೂ ಅವಳದೇ.

“ಉಸಿರು ಬಿಟ್ಟಷ್ಟು ಸಲ ನೋಡತಾಳ್ರಿ. ಹೋದ ಸೋಮವಾರ ನನ್ನ ಜೋಡಿ ರೊಟ್ಟಿ ಬಡಿಯಾಕ ಕುಂತು, ಹಿಟ್ಟಿನ ಕೈ ಸೀರಿಗೆ ಒರಸಿ ಒರಸಿ ನೋಡಿದಳು. ನಾ ಹೇಳತೀನಿ ಕೇಳ ತಂಗಿ. ಹೆಣ್ಣು ನೋಡಾಕ ಬಂದವರು ‘ಊರಿಗೆ ಹೋಗಿ ತಿಳಸ್ತೀವಿ’ ಅಂತ ಹೊಂಟರಂದರ ಏನ ಅರ್ಥ? ಇಲ್ಲ ಅಂತನ ಅರ್ಥ. ಇದೂ ಹಂಗ.”

“ಚಂಬವ್ವಾ, ನಿನ್ನ ಗಂಡನ ಕಡೆಯವರೂ ಹಂಗ ಹೇಳಿ ಹೋಗಿದ್ದರಲ್ಲ?” ಎಂದರು ಅಜ್ಜನವರು.

“ಹೋಗಿದ್ದರ್ರಿ. ಆಮ್ಯಾಲ ತಿರುಗಿ ಬಂದು ನನ್ನ ಕೊರಳಿಗೆ ಬಿದ್ದರು,” ಎಂದು ಚಂಬವ್ವ ಮೊರ ಕೊಡವಿದಳು.

ನೀಲಾಂಬಿಕೆಗೆ ನಗು ಬಂತು, ಹೆಚ್ಚು ಹೊತ್ತು ಉಳಿಯಲಿಲ್ಲ. ಅವಳ ವಯಸ್ಸಿನವರಿಗೆ ಆ ಕೆಲಸಕ್ಕೆ ಅರ್ಜಿ ಹಾಕಲು ಇದು ಕೊನೆಯ ಸಲ. ತಪ್ಪಿದರೆ ವಯಸ್ಸು ಮೀರುತ್ತದೆ, ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ತಿಂಗಳ ಕೊನೆಗೆ ಆಯ್ಕೆ ಮುಗಿಯುತ್ತದೆ ಎಂದು ಪತ್ರಿಕೆಯಲ್ಲೇ ಬಂದಿತ್ತು. ಬೆಳಿಗ್ಗೆ ಎದ್ದಾಗ ಅವಳಿಗೆ ಆ ಶಬ್ದ ಒಳ್ಳೆಯದಾಗಿ ಕಾಣುತ್ತಿತ್ತು. ಬೇಡವಾಗಿದ್ದರೆ ಇಷ್ಟರೊಳಗೆ ತೆಗೆದುಹಾಕುತ್ತಿರಲಿಲ್ಲವೇ? ಸಂಜೆಯ ಹೊತ್ತಿಗೆ ಅದೇ ಶಬ್ದ ಕೆಟ್ಟದಾಗುತ್ತಿತ್ತು. ಬೇಕಾಗಿದ್ದರೆ ಇಷ್ಟರೊಳಗೆ ಕರೆಯುತ್ತಿರಲಿಲ್ಲವೇ? ಶಬ್ದ ಒಂದೇ. ಅವಳಿಗೆ ಮಾತ್ರ ದಿನಕ್ಕೊಮ್ಮೆ ನೌಕರಿ ಸಿಕ್ಕಿ ದಿನಕ್ಕೊಮ್ಮೆ ಕೈಬಿಡುತ್ತಿತ್ತು.

“ಅಲ್ಲಿ ಹೋಗಿ ವಿಚಾರಿಸಿದರ ಸಿಟ್ಟಿಗೇಳತಾರ ಅಂತಾರ್ರಿ,” ಎಂದಳು. “ಕಚೇರಿ ಬಸ್‌ಸ್ಟ್ಯಾಂಡಿನ ಹಿಂದನ ಐತಿ. ದಿನಾ ಅದರ ಮುಂದ ಹಾದು ಹೋಗತೀನಿ. ಕಿಟಕಿ ಕಾಣತೈತಿ, ಒಳಗ ಮಂದಿ ಕಾಣತಾರ. ಒಳಗ ಹೋಗಾಕ ಧೈರ್ಯ ಆಗಂಗಿಲ್ಲ. ನಮ್ಮ ಸೋದರಮಾವ ಯಾರಿಗೋ ಹೇಳ್ಯಾನಂತ, ಅವರು ಮತ್ತ ಯಾರಿಗೋ ಹೇಳತಾರಂತ. ನನ್ನ ಕಡೆಯಿಂದ ಏನೂ ಕಮ್ಮಿ ಇಲ್ಲರಿ. ಮೂಲ ದಾಖಲೆ, ಪದವಿ ಪತ್ರ, ಎಲ್ಲಾ ಒಂದು ಬಟ್ಟಿಯಾಗ ಗಂಟು ಕಟ್ಟಿ ಟ್ರಂಕಿನಾಗ ಇಟ್ಟೀನಿ. ಕರೆದ ದಿನ ಎತ್ತಿಕೊಂಡು ಓಡೋದು ಒಂದ ಬಾಕಿ.”

ಅಜ್ಜನವರು ಫೋನನ್ನು ಅವಳಿಗೆ ಕೊಟ್ಟು ಮತ್ತೆ ಬತ್ತಿಗೆ ಕೈ ಹಾಕಿದರು.

“ಹೌದು ಅನ್ನೋದು ಒಂದು ಮಾತು. ಇಲ್ಲ ಅನ್ನೋದು ಒಂದು ಮಾತು. ನೀ ಕೇಳಿದ್ದು ಎರಡೂ ಅಲ್ಲದ್ದು. ಅದಕ್ಕೊಂದು ಕತಿ ಐತಿ. ಹತ್ತಿ ಬಿಡಿಸ್ಕೋತ ಕೇಳು.”

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಹುಟ್ಟಿದ ಊರು ಅದಲ್ಲ. ಅಣ್ಣತಮ್ಮಂದಿರು ಪಾಲಾದ ಮೇಲೆ, ಹೊಳೆಯಾಚೆಯ ಸೀಮೆಯಿಂದ ಹೆಂಡತಿಯೊಡನೆ ಬಂದು ಅಲ್ಲಿ ಹೊಲ ಮಾಡಿದವನು. ನೆಲ ಒಳ್ಳೆಯದಿತ್ತು, ಹಿಂಗಾರಿಗೆ ಕುಸುಬೆ ಬಿತ್ತಿದ, ಮುಳ್ಳಿನ ಗಿಡ ಸೊಂಟದೆತ್ತರ ಬಂತು. ಒಕ್ಕಿ ತೂರಿ ಚೀಲ ತುಂಬಿದಾಗ ಗಂಡ ಹೆಂಡಿರಿಬ್ಬರಿಗೂ ಸಂತೋಷವಾಯಿತು. ಸಂತೋಷಕ್ಕೆ ಇನ್ನೊಂದು ಕಾರಣವೂ ಇತ್ತು. ಅವರ ಒಬ್ಬಳೇ ಮಗಳು ಪಕ್ಕದ ಊರಿನ ಸೊಸೆ; ಅವಳೀಗ ಬಸುರಿ. ಬರುವ ತಿಂಗಳು ಅವಳ ಸೀಮಂತ, ಕುಪ್ಪಸದ ಕಾರ್ಯ. ತವರಿನವರು ಹಸಿರು ಸೀರೆ, ಹಸಿರು ಬಳೆ, ಬುಟ್ಟಿ ತುಂಬ ಕರಿದ ತಿಂಡಿ ಹೊತ್ತುಕೊಂಡು ಹೋಗಬೇಕು. ಆ ತಿಂಡಿಯನ್ನು ತಮ್ಮ ಹೊಲದ ಎಣ್ಣೆಯಲ್ಲೇ ಕರಿಯಬೇಕೆಂಬುದು ಅವರ ಮಂದಿಯಲ್ಲಿ ಹಿಂದಿನಿಂದ ಬಂದ ಪದ್ಧತಿ. ಕೊಂಡ ಎಣ್ಣೆಯಲ್ಲಿ ಕರಿದರೆ ಬೀಗರು ಏನೂ ಅನ್ನುವುದಿಲ್ಲ. ಮೂಸಿ ನೋಡಿ ತಟ್ಟೆ ಪಕ್ಕಕ್ಕಿಡುತ್ತಾರೆ. ಅಂದುಬಿಟ್ಟಿದ್ದರೇ ಚೆನ್ನಾಗಿತ್ತು ಅನ್ನಿಸುವಂತೆ ಇಡುತ್ತಾರೆ.

ಆ ಊರಿಗೆ ಇದ್ದದ್ದು ಒಂದೇ ಗಾಣ. ಗಾಣಿಗ ಮಾತು ಕಡಿಮೆಯ ಮನುಷ್ಯ. ಸುಗ್ಗಿಯಲ್ಲಿ ಅವನ ಅಂಗಳದ ತುಂಬ ಚೀಲಗಳು ಸಾಲಾಗಿ ನಿಲ್ಲುತ್ತಿದ್ದವು. ರೈತ ತನ್ನ ಚೀಲ ಹೊತ್ತು ತಂದಾಗ ಗಾಣಿಗ ಅದರೊಳಗೆ ಕೈ ಹಾಕಿ, ನಾಲ್ಕು ಕಾಳು ತೆಗೆದು, ಹಲ್ಲಿನಲ್ಲಿ ಕಡಿದು ನೋಡಿದ. ಕಾಳು ಬಲಿತಿತ್ತು, ಒಣಗಿತ್ತು.

“ಚಲೋ ಐತಿ. ಇಡ್ರಿ,” ಎಂದ.

ರೈತ ಇಟ್ಟು ಮನೆಗೆ ಬಂದ. ಮರುದಿನ ಹೋಗಿ ನೋಡಿದರೆ ಅವನ ಚೀಲದ ಮೇಲೆ ಒಂದು ಕಲ್ಲು ಕುಳಿತಿತ್ತು. ಹೊಳೆಯಲ್ಲಿ ಉರುಳಿ ನುಣುಪಾದ, ಬೆಲ್ಲದ ಅಚ್ಚಿನಷ್ಟು ದೊಡ್ಡ ಕಲ್ಲು. ಬೇರೆ ಯಾವ ಚೀಲದ ಮೇಲೂ ಕಲ್ಲಿರಲಿಲ್ಲ.

ರೈತ ಹಿಗ್ಗಿದ. ಅವನು ಹುಟ್ಟಿದ ಊರಿನ ಗಾಣದಲ್ಲಿ ಕಲ್ಲಿಗೆ ಒಂದು ಅರ್ಥವಿತ್ತು. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿದಂತೆ, ಆ ಪಾಳಿ ಇವರದು, ಯಾರೂ ಮುಟ್ಟಬೇಡಿ ಎಂದು ಅಲ್ಲಿ ಕಲ್ಲು ಇಡುತ್ತಿದ್ದರು. ಅವನು ಮನೆಗೆ ಬಂದವನೇ ಹೆಂಡತಿಯನ್ನು ಕರೆದ.

“ನಮ್ಮ ಪಾಳಿ ಗಟ್ಟಿ ಆತು ನೋಡು. ಕಲ್ಲು ಇಟ್ಟಾನ.”

“ಉಳಿದವರ ಚೀಲದ ಮ್ಯಾಲೂ ಇಟ್ಟಾನೇನ್ರಿ?”

“ಇಲ್ಲ. ನಮ್ಮದರ ಮ್ಯಾಲ ಮಾತ್ರ.”

“ಹಂಗಾದರ ಅದು ಪಾಳಿ ಕಲ್ಲಲ್ಲ,” ಎಂದಳು ಹೆಂಡತಿ. “ನಮ್ಮನ್ನ ಬ್ಯಾರೆ ಮಾಡಿ ಇಟ್ಟಾನ. ಹೊರಗಿನವರು ಅಂತ.”

ಅಂದಿನಿಂದ ಆ ಮನೆಯಲ್ಲಿ ಒಂದು ಕಲ್ಲಿಗೆ ಎರಡು ಅರ್ಥಗಳಾದವು. ಗಂಡನದು ಒಂದು, ಹೆಂಡತಿಯದು ಒಂದು. ಊಟಕ್ಕೆ ಕುಳಿತಾಗ ಎರಡೂ ಅರ್ಥಗಳು ತಟ್ಟೆಯ ಆಚೆ ಈಚೆ ಕೂರುತ್ತಿದ್ದವು. ಗಾಣಿಗನ ಅರ್ಥ ಏನೆಂದು ಇಬ್ಬರಲ್ಲಿ ಯಾರಿಗೂ ಕೇಳಬೇಕೆನಿಸಲಿಲ್ಲ. ತಮ್ಮದು ಸರಿ ಎಂಬ ನಂಬಿಕೆ ಇಬ್ಬರಿಗೂ ಅಷ್ಟು ಗಟ್ಟಿಯಿತ್ತು.

ಆದರೂ ಹೆಂಡತಿ ಸುಮ್ಮನೆ ಕೂರುವವಳಲ್ಲ. ಎಣ್ಣೆ ಬಂದರೆ ತುಂಬಲು ಕುಂಬಾರರ ಮನೆಯಿಂದ ಹೊಸ ಗಡಿಗೆ ತಂದಳು. ಹೊಸ ಮಣ್ಣು ಎಣ್ಣೆ ಕುಡಿಯುತ್ತದೆ. ಅದಕ್ಕೆ ಹಳೆಯ ಎಣ್ಣೆ ಸವರಿ, ಬಿಸಿಲಿಗಿಟ್ಟು, ಮತ್ತೆ ಸವರಿ, ಮತ್ತೆ ಬಿಸಿಲಿಗಿಟ್ಟು, ಇನ್ನು ಒಂದು ತೊಟ್ಟೂ ಹೀರದು ಎನ್ನುವಷ್ಟು ಹದ ಮಾಡಿದಳು. ಬಾಯಿಗೆ ಬಿಳಿಯ ಬಟ್ಟೆ ಕಟ್ಟಿದಳು. ಅಡುಗೆಮನೆಯ ಮೂಲೆಯಲ್ಲಿ ಸಿಂಬೆಯ ಮೇಲೆ ಕೂರಿಸಿದಳು. ಹೋಗಿ ಬರುವಾಗ ಅದನ್ನು ನೋಡಿ, ನನ್ನ ಕಡೆಯಿಂದ ಏನೂ ಕಡಿಮೆಯಿಲ್ಲ ಎಂದುಕೊಳ್ಳುತ್ತಿದ್ದಳು.

ರೈತ ದಿನವೂ ಹೊಲದಿಂದ ಬರುವಾಗ ಗಾಣದ ಎದುರಿನ ಬೇವಿನ ಕಟ್ಟೆಯ ಮೇಲೆ ಕುಳಿತು ಕಲ್ಲನ್ನು ನೋಡುತ್ತಿದ್ದ. ಅಂಗಳಕ್ಕೆ ಜನ ಬರುತ್ತಿದ್ದರು, ಹೋಗುತ್ತಿದ್ದರು. ಬಗಲಲ್ಲಿ ಗಡಿಗೆ ಇಟ್ಟುಕೊಂಡು ಬರುತ್ತಿದ್ದರು, ತಲೆಯ ಮೇಲೆ ಗಡಿಗೆ ಇಟ್ಟುಕೊಂಡು ಹೋಗುತ್ತಿದ್ದರು. ಚೀಲಗಳು ಸರಿಯುತ್ತಿದ್ದವು. ಎತ್ತು ಸುತ್ತುತ್ತಿತ್ತು. ರೈತ ಇದೆಲ್ಲವನ್ನೂ ಕಂಡ, ಯಾವುದನ್ನೂ ನೋಡಲಿಲ್ಲ. ಅವನ ಕಣ್ಣು ಕಲ್ಲಿನ ಮೇಲಿತ್ತು.

ಗಾಣಿಗ ಅವನನ್ನು ಕಂಡಾಗಲೆಲ್ಲ ಎತ್ತು ನಿಲ್ಲಿಸಿ, “ಬಂದ್ರೇನ್ರಿ?” ಎನ್ನುತ್ತಿದ್ದ.

“ಹೂಂ, ಬಂದೆ,” ಎನ್ನುತ್ತಿದ್ದ ರೈತ.

ಗಾಣಿಗ ಒಂದು ಗಳಿಗೆ ಹಾಗೆಯೇ ನಿಲ್ಲುತ್ತಿದ್ದ. ಇನ್ನೇನೋ ಮಾತು ಬರಬಹುದೆಂದು ಕಾದವನಂತೆ ನಿಲ್ಲುತ್ತಿದ್ದ. ಬಾರದಿದ್ದರೆ ತಿರುಗಿ ಎತ್ತಿನ ಬೆನ್ನು ತಟ್ಟುತ್ತಿದ್ದ. ರೈತನೋ, ನಾನಾಗಿ ಬಾಯಿಬಿಟ್ಟರೆ ಅವಸರದವನು ಎಂದುಕೊಂಡಾನು, ಸಿಟ್ಟಿನಲ್ಲಿ ಚೀಲ ಹಿಂದಕ್ಕೆ ತಳ್ಳಿಯಾನು ಎಂದು ಮಾತು ನುಂಗುತ್ತಿದ್ದ. ಹೀಗೆ ಇಬ್ಬರು ಒಳ್ಳೆಯ ಮನುಷ್ಯರು ದಿನವೂ ಎದುರು ಬದುರು ನಿಂತು ಒಬ್ಬರ ಮಾತನ್ನು ಇನ್ನೊಬ್ಬರು ಕಾಯುತ್ತಿದ್ದರು.

ಒಂದು ದಿನ, ತನ್ನ ನಂತರ ಬಂದ ಒಬ್ಬನ ಚೀಲ ಗಾಣಕ್ಕೆ ಹೋದದ್ದನ್ನು ರೈತ ಕಂಡ. ಮರುದಿನ ಇನ್ನೊಬ್ಬನದು ಹೋಯಿತು. ಆಗ ಅವನ ಅರ್ಥ ಅಲುಗಾಡತೊಡಗಿತು. ಹೆಂಡತಿಯ ಅರ್ಥ ಸರಿ ಅನಿಸತೊಡಗಿತು. ಅದನ್ನು ಅವಳಿಗೆ ಹೇಳಲು ಮನಸ್ಸಾಗಲಿಲ್ಲ. ಬದಲಿಗೆ ಹಿತ್ತಲಿನ ಒಂದು ದೊಡ್ಡ ಕುಂಬಳಕಾಯಿ ಕಿತ್ತು ಹೆಗಲ ಮೇಲೆ ಹೊತ್ತು, ಗಾಣಿಗನ ಹೆಂಡತಿಯ ತಮ್ಮನನ್ನು ಹುಡುಕಿಕೊಂಡು ಹೋದ.

“ಭಾವಗ ಒಂದು ಮಾತು ನಮ್ಮ ಸಲುವಾಗಿ ಹೇಳಪಾ,” ಎಂದ.

“ಅಷ್ಟ ಏನ್ರಿ? ನಾ ಹೇಳತೀನಿ. ನೀವು ಕಾಲು ಚಾಚಿ ಮಲಗ್ರಿ,” ಎಂದ ಅವನು ಕುಂಬಳಕಾಯಿ ಇಳಿಸಿಕೊಂಡು.

ಅವನು ಮಾತಿನಂತೆ ಹೋದ. ಕುಂಬಳಕಾಯಿಯ ಅರ್ಧವನ್ನು ಅಕ್ಕನಿಗೆ ಕೊಟ್ಟ. ಊಟಕ್ಕೆ ಕುಳಿತಾಗ, “ಭಾವಾ, ಆ ಹೊಸ ರೈತ ಭಾಳ ಒಳ್ಳೆಯವ,” ಎಂದ.

“ಕೆಟ್ಟವ ಅಂತ ಯಾರಂದರು?” ಎಂದ ಗಾಣಿಗ, ಇನ್ನೊಂದು ಸೌಟು ಪಲ್ಯ ಹಾಕಿಸಿಕೊಂಡ. ಕುಂಬಳಕಾಯಿ ಸಿಹಿಯಿತ್ತು. ಕಲ್ಲು ಇದ್ದಲ್ಲೇ ಇತ್ತು.

ಕುಪ್ಪಸಕ್ಕೆ ಇನ್ನು ಒಂದೇ ದಿನ ಉಳಿಯಿತು. ಬೆಳಿಗ್ಗೆ ಹೆಂಡತಿ ಹಿಟ್ಟು ಜರಡಿ ಹಿಡಿದಳು, ಕೊಬ್ಬರಿ ತುರಿದಳು, ಬೆಲ್ಲ ಕುಟ್ಟಿದಳು. ಎಣ್ಣೆಯಿಲ್ಲ. ಕುಟ್ಟಿದ ಬೆಲ್ಲದ ಎದುರು ಸ್ವಲ್ಪ ಹೊತ್ತು ಕುಳಿತಳು. ಆಮೇಲೆ ಎದ್ದು, ಮೂಲೆಯ ಗಡಿಗೆ ಎತ್ತಿ ಬಗಲಲ್ಲಿಟ್ಟುಕೊಂಡು ಸೆರಗು ಬಿಗಿದಳು.

“ಎಲ್ಲಿಗೆ?” ಎಂದ ರೈತ.

“ಸಂತಿಗೆ. ಕೊಂಡ ಎಣ್ಣಿ ತರತೀನಿ. ಬೀಗರು ತಟ್ಟಿ ಸರಿಸಿದರ ಸರಿಸಲಿ, ಮಗಳ ಉಡಿ ಬರಿದಾಗಬಾರದು. ಹೋಗೂ ದಾರಿಯಾಗ ಆ ಗಾಣಿಗಗೂ ಎರಡು ಮಾತು ಕೊಟ್ಟು ಹೋಗತೀನಿ.”

“ಬ್ಯಾಡ, ಸುಮ್ಮನ ಜಗಳ...”

“ಸುಮ್ಮನ ಇದ್ದದ್ದು ಸಾಕಾತು.”

ಅವಳು ಹೊರಟಳು. ರೈತ ಮುಖ ತಗ್ಗಿಸಿ ಹಿಂದೆ ನಡೆದ. ಗಾಣದ ಅಂಗಳದಲ್ಲಿ ನಾಲ್ಕು ಜನ ಕುಳಿತಿದ್ದರು. ಅವಳು ಯಾರನ್ನೂ ಲೆಕ್ಕಿಸಲಿಲ್ಲ. ತನ್ನ ಚೀಲದ ಪಕ್ಕದಲ್ಲೇ ಹೋಗಿ ನಿಂತಳು.

“ಏನಣ್ಣಾ, ನಮ್ಮ ಕುಸುಬಿ ನಿನ್ನ ಎತ್ತಿಗೆ ಸೇರವೊಲ್ಲದೇನು? ಎಲ್ಲಾರ ಕಾಳಿಗೂ ಎಣ್ಣಿ ಬರತೈತಿ, ನಮ್ಮ ಕಾಳಿಗೆ ಕಲ್ಲು ಬರತೈತೇನು? ನಾಳೆ ನನ್ನ ಮಗಳ ಕುಪ್ಪಸ. ಹೊರಗಿನವರಿಗೆ ಹೊಟ್ಟಿಯಾಗ ಹುಟ್ಟಿದವರು ಇರಂಗಿಲ್ಲೇನು?”

ಗಾಣಿಗ ಎತ್ತು ನಿಲ್ಲಿಸಿದ. ಅವನು ನೋಡುತ್ತಿದ್ದದ್ದು ಅವಳ ಮುಖವನ್ನಲ್ಲ, ಬಗಲಿನ ಗಡಿಗೆಯನ್ನು. ಅವನ ಹೆಂಡತಿ ಹಿಂಡಿ ಒಡೆಯುತ್ತಿದ್ದವಳು ಎದ್ದು ಬಂದಳು. ಬೈಗುಳ ನಡೆದಿರುವಂತೆಯೇ ಆ ಗಡಿಗೆಯನ್ನು ಬಗಲಿನಿಂದ ಇಳಿಸಿಕೊಂಡಳು. ಬಾಯಿಯ ಬಟ್ಟೆ ಬಿಚ್ಚಿ, ಬೆರಳಿನ ಗಿಣ್ಣಿನಿಂದ ತಟ್ಟಿ, ಸದ್ದು ಕೇಳಿ, “ಚಲೋ ಹದ ಮಾಡೀದಿ ಅಕ್ಕಾ,” ಎಂದು ಗಾಣದ ಬಾಯಿಯ ಕೆಳಗೆ ಇಟ್ಟಳು. ಗಾಣಿಗ ಬಂದು ಚೀಲದ ಮೇಲಿನ ಕಲ್ಲನ್ನು ತೆಗೆದು ಗೋಡೆಯ ಬುಡಕ್ಕೆ ಹಾಕಿದ. ಅಲ್ಲಿ ಅಂಥ ಕಲ್ಲುಗಳ ಒಂದು ಗುಡ್ಡೆಯೇ ಇತ್ತು.

“ಬಂತಲ್ಲ, ಸಾಕು,” ಎಂದು ಚೀಲ ಬಿಚ್ಚಿದ.

ರೈತನ ಹೆಂಡತಿ ಅರ್ಧ ಮಾತಿನಲ್ಲಿ ನಿಂತಳು. ರೈತ ಮುಂದೆ ಬಂದ.

“ಏನು ಬಂತು?”

“ಗಡಿಗಿ,” ಎಂದ ಗಾಣಿಗ. “ಕಾಳು ಕೊಟ್ಟು ಹೋದ್ರಿ, ಗಡಿಗಿ ಕೊಡಲಿಲ್ಲ. ಎಣ್ಣಿ ನೆಲದ ಮ್ಯಾಲ ಬಿಡಲೇನು?”

“ನಮ್ಮ ಕಡೆ ಗಡಿಗಿ ಗಾಣದವರದ ಇರತೈತಿ. ಎಣ್ಣಿ ಮನಿಗೆ ಬರತೈತಿ.”

“ಈ ಕಡೆ ಎಣ್ಣಿ ಯಾರದೋ ಗಡಿಗೀನೂ ಅವರದ.”

“ಹಂಗಿದ್ದರ ಮೊದಲನ ಹೇಳಬೇಕಿಲ್ಲೇನು? ದಿನಾ ಬಂದು ನಿಂತೀನಿ!”

ಗಾಣಿಗ ಅಂಗಳದಲ್ಲಿ ಕುಳಿತವರ ಕಡೆ ನೋಡಿದ. ಅವರು ತಮ್ಮ ಮಾತಿನಲ್ಲಿದ್ದರು. ಅವನು ದನಿ ತಗ್ಗಿಸಿದ.

“ನಾಲ್ಕು ಮಂದಿ ಎದುರಿಗೆ ‘ಗಡಿಗಿ ಎಲ್ಲಿ’ ಅಂತ ನಾ ಹೆಂಗ ಕೇಳಲಿ? ಈ ಊರಾಗ ಒಡಕಿಲ್ಲದ ಗಡಿಗಿ ಇರದ ಮನಿ ಭಾಳ ಅದಾವು. ಕೇಳಿದರ ಅವರ ಮಾನ ಹೋಗತೈತಿ. ಅದಕ್ಕ ನಮ್ಮಪ್ಪನ ಕಾಲದಿಂದ ಕಲ್ಲು ಇಡತೀವಿ. ಕಲ್ಲು ಕಂಡವರು ಮಂದಿ ಕಮ್ಮಿ ಆದ ಮ್ಯಾಲ ಬಂದು, ‘ಇದು ಯಾಕಪಾ’ ಅಂತ ಕೇಳತಾರ. ಇದ್ದವರು ಗಡಿಗಿ ತರತಾರ. ಇಲ್ಲದವರಿಗೆ ಇಕಿ ಒಳಗಿಂದ ಒಂದು ಕೊಡತಾಳ. ನೀವು ಬಂದಾಗೆಲ್ಲ ನಾ ಎತ್ತು ನಿಲ್ಲಿಸಿದೆ. ನೀವು ‘ಹೂಂ, ಬಂದೆ’ ಅಂದ್ರಿ. ಪಾಪ, ಕೇಳಾಕ ನಾಚತಾರ ಅಂತ ನಾ ಸುಮ್ಮನಾದೆ.”

ರೈತ ಮರ್ಯಾದೆ ಎಂದುಕೊಂಡದ್ದು, ಹೆಂಡತಿ ಅವಮಾನ ಎಂದುಕೊಂಡದ್ದು, ಅವರಿಬ್ಬರಿಗಾಗಿ ಇನ್ನೊಬ್ಬ ಪಟ್ಟ ಸಂಕೋಚವಾಗಿತ್ತು. ಎಣ್ಣೆ ಬರಲೆಂದು ಗಡಿಗೆ ಮನೆಯಲ್ಲಿ ಕಾಯುತ್ತಿತ್ತು. ಗಡಿಗೆ ಬರಲೆಂದು ಕುಸುಬೆ ಗಾಣದಲ್ಲಿ ಕಾಯುತ್ತಿತ್ತು. ನಡುವೆ ಇದ್ದದ್ದು ಒಂದು ಓಣಿ.

“ಕುಂಬಳಕಾಯಿ ಮಾತ್ರ ರುಚಿ ಇತ್ತು ಬಿಡ್ರಿ,” ಎಂದಳು ಗಾಣಿಗನ ಹೆಂಡತಿ.

ರೈತನ ಹೆಂಡತಿ ಗಂಡನ ಕಡೆ ತಿರುಗಿದಳು. “ಯಾವ ಕುಂಬಳಕಾಯಿ?”

ರೈತ ಚೀಲಕ್ಕೆ ಕೈ ಕೊಟ್ಟು, ಗಾಣಿಗನ ಜೊತೆ ಕಾಳು ಸುರಿಯತೊಡಗಿದ.

ಅಂದು ಸಂಜೆ ಎಣ್ಣೆ ಮನೆಗೆ ಬಂತು. ಆದರೆ ಹೊಸ ಎಣ್ಣೆ ಕೆಲವು ದಿನ ಕೂತು ತಿಳಿಯಾಗಬೇಕು. ಮಡ್ಡಿ ತಳಕ್ಕಿಳಿಯಬೇಕು. ಅದಕ್ಕೆ ಸಮಯವಿರಲಿಲ್ಲ. ಬಾಣಲೆಯಲ್ಲಿ ಎಣ್ಣೆ ನೊರೆ ಕಟ್ಟಿತು. ಕರ್ಜಿಕಾಯಿಗಳು ಬಂಗಾರದ ಬಣ್ಣಕ್ಕೆ ಬರುವ ಬದಲು ಇಟ್ಟಿಗೆಯ ಬಣ್ಣಕ್ಕೆ ಬಂದವು. ಮರುದಿನ ಬೀಗರ ಮನೆಯಲ್ಲಿ ಬುಟ್ಟಿ ಬಿಚ್ಚಿದಾಗ ಬೀಗಿತ್ತಿ ಒಂದನ್ನು ಎತ್ತಿ ಹಿಡಿದು ನೋಡಿದಳು.

“ತವರಿನ ಕರ್ಜಿಕಾಯಿ ಬಿಸಿಲಾಗ ದುಡಿದು ಬಂದಂಗ ಕಾಣತಾವಲ್ಲ!”

ಎಲ್ಲರೂ ನಕ್ಕರು. ಬೀಗಿತ್ತಿ ಅದನ್ನು ಮುರಿದು ಮೂಸಿದಳು. ಮೂಸಿದ ಮೇಲೆ ತಟ್ಟೆಯನ್ನು ಪಕ್ಕಕ್ಕಿಡಲಿಲ್ಲ, ತನ್ನ ಕಡೆಗೇ ಎಳೆದುಕೊಂಡಳು. ಹಸಿರು ಬಳೆ ತೊಟ್ಟು ಕುಳಿತಿದ್ದ ಮಗಳು ಅವ್ವನ ಮುಖ ನೋಡಿದಳು. ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಮಾತ್ರ ಕರ್ಜಿಕಾಯಿಯ ಬಣ್ಣವನ್ನೇ ನೋಡುತ್ತಿದ್ದ. ಕಲ್ಲು ಕಂಡ ದಿನವೇ ಒಂದು ಮಾತು ಕೇಳಿದ್ದರೆ ಆ ಬಣ್ಣ ಏನಾಗಿರುತ್ತಿತ್ತೆಂದು ಅವನಿಗೆ ತಿಳಿದಿತ್ತು.

ಅಜ್ಜನವರು ಕತೆ ಅಲ್ಲಿಗೆ ನಿಲ್ಲಿಸಿ, ಹೊಸೆದ ಬತ್ತಿಗಳನ್ನು ತಟ್ಟೆಯಲ್ಲಿ ಓರಣ ಮಾಡಿದರು.

ನೀಲಾಂಬಿಕೆ ಮನಸ್ಸು ಬಿಚ್ಚಿ ನಕ್ಕಿದ್ದಳು. ಎಷ್ಟೋ ದಿನಗಳ ಮೇಲೆ ಅಂಥ ನಗು ಬಂದಿತ್ತು. ಕೈಯ ಹತ್ತಿ ಮಡಿಲಿನ ತುಂಬ ಚೆಲ್ಲಿತ್ತು, ಫೋನು ಎಲ್ಲಿದೆ ಎಂಬ ನೆನಪೂ ಇರಲಿಲ್ಲ.

“ಎಂಥಾ ಮನಷ್ಯಾರಿ ಅಂವ!” ಎಂದಳು. “ದಿನಾ ಹೋಗೋದು, ಕಲ್ಲು ನೋಡೋದು, ತಿರುಗಿ ಬರೋದು. ಅಲ್ಲೇ ನಿಂತವನ್ನ ಒಂದ ಮಾತು ಕೇಳಾಕ ಏನಾಗಿತ್ತು? ಅದನ್ನ ಬಿಟ್ಟು ಕುಂಬಳಕಾಯಿ ಹೊತಗೊಂಡು ಊರ ಸುತ್ತತಾನ!”

“ಗಂಡಸರು ದಾರಿ ತಪ್ಪಿದರೂ ಕೇಳಂಗಿಲ್ಲ ತಂಗಿ,” ಎಂದಳು ಚಂಬವ್ವ ಹೊಸ್ತಿಲಿನಿಂದ. “ನಮ್ಮ ಮನಿಯವರು ಸಂತಿಗೆ ಹೊಂಟರ ಬ್ಯಾರೆ ಊರಿನ ಸಂತಿ ತಿರುಗಿ ಬರತಿದ್ದರು.”

“ಆಕೀನೂ ಹಂಗನ ಇದ್ದಳಲ್ಲರಿ. ಅಷ್ಟು ಚಂದ ಗಡಿಗಿ ಸಜ್ಜು ಮಾಡಿ, ಬಟ್ಟಿ ಕಟ್ಟಿ, ಮೂಲ್ಯಾಗ ಇಟಗೊಂಡು ಕುಂತರ ಏನ ಬಂತು?”

“ಏನೂ ಬರಲಿಲ್ಲ,” ಎಂದು ಅಜ್ಜನವರು ಒಪ್ಪಿದರು.

ನೀಲಾಂಬಿಕೆ ಮಡಿಲಿನ ಹತ್ತಿ ಕೂಡಿಸಿದಳು. ಆಗ ಅವಳಿಗೆ ತಾನು ಬಂದ ಕೆಲಸ ನೆನಪಾಯಿತು.

“ಕತಿ ಹೇಳಿದ್ರಿ, ನನ್ನ ಮಾತಿಗೆ ಉತ್ತರ ಹೇಳಲಿಲ್ಲ ಅಜ್ಜಾರ. ಪೆಂಡಿಂಗ್ ಅಂದರ ಏನ ಅಂತ ತಿಳಕೊಳ್ಳಲಿ?”

ಅಜ್ಜನವರು ತಟ್ಟೆಯಿಂದ ಕಣ್ಣೆತ್ತಿ ಅವಳನ್ನು ನೋಡಿದರು.

“ಟ್ರಂಕಿನಾಗಿನ ಗಡಿಗಿ ಯಾವಾಗ ಹೊರಗ ತಗೀತಿ, ನೀಲವ್ವಾ?”

ನೀಲಾಂಬಿಕೆ ಹತ್ತಿ ಕೆಳಗಿಟ್ಟು ಫೋನು ಹುಡುಕಿ, ಈ ಸಲ ಹೊತ್ತು ಮಾತ್ರ ನೋಡಿದಳು; ಕಚೇರಿ ಮುಚ್ಚಲು ಇನ್ನೂ ಸಮಯವಿತ್ತು.